ಮೊದಲು ಕೂರುವುದು, ಆಮೇಲೆ ನೋಡುವುದು, ಕೊನೆಗೆ ಕುಂಚ: ಬಿಸಿಲುನಾಡಿನ ಬಯಲಲ್ಲಿ ಚಿತ್ರ ಬಿಡಿಸುತ್ತ ಸಾವಧಾನತೆ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತಿದೆ. ಮನಸ್ಸಿಗೆ ನೆಮ್ಮದಿ ಸಿಗಲೆಂದು ಬಣ್ಣದ ಪೆಟ್ಟಿಗೆ ಹಿಡಿದು ಕಲಬುರಗಿಯ ಅಪ್ಪನ ಕೆರೆಯ ದಂಡೆಗೋ ಬೀದರ್ ಕೋಟೆಗೋ ಹೋಗುತ್ತಾರೆ, ಎರಡು ತಾಸು ಕೂರುತ್ತಾರೆ, ಚಿತ್ರ ಕೆಡುತ್ತದೆ, ಬಿಸಿಲಿಗೆ ತಲೆ ಸಿಡಿಯುತ್ತದೆ, ಕೊನೆಗೆ ಹೋದಾಗ ಇದ್ದುದಕ್ಕಿಂತ ಹೆಚ್ಚಿನ ಕಿರಿಕಿರಿಯೊಂದಿಗೆ ಮನೆಗೆ ಮರಳುತ್ತಾರೆ. ಇದಕ್ಕೆ ಕೈಯಲ್ಲಿ ಕಲೆ ಇಲ್ಲದಿರುವುದು ಕಾರಣವಲ್ಲ. ಬಹುತೇಕ ಎಲ್ಲ ಸಂದರ್ಭಗಳಲ್ಲೂ ಹಂತಗಳ ಕ್ರಮ ತಲೆಕೆಳಗಾಗಿರುತ್ತದೆ: ತಲುಪಿದ ಕೂಡಲೇ ಕುಂಚ ಕೈಗೆ ಬರುತ್ತದೆ, ನೋಡುವುದು ನಡುನಡುವೆ ಆಗುತ್ತದೆ, ಸುಮ್ಮನೆ ಕೂರುವುದಂತೂ ಆಗುವುದೇ ಇಲ್ಲ.

ಇಲ್ಲಿ ಸಾವಧಾನತೆ ಎಂದರೆ ಗಮನ ಈಗ ಎಲ್ಲಿದೆ ಎಂದು ತಿಳಿಯುವುದು, ಅದು ಜಾರಿ ಹೋದದ್ದನ್ನು ಗುರುತಿಸುವುದು, ಮತ್ತು ತನ್ನನ್ನು ತಾನು ಬೈದುಕೊಳ್ಳದೆ ಅದನ್ನು ಮರಳಿ ತರುವುದು, ಇಷ್ಟೇ. ಮನಸ್ಸನ್ನು ಖಾಲಿ ಮಾಡುವ ಕೆಲಸ ಇದರಲ್ಲಿಲ್ಲ. ಚಿತ್ರ ಬಿಡಿಸುವುದರಿಂದ ಆಗುವ ಸಹಾಯವೆಂದರೆ, ಗಮನ ಜಾರಿದ ಜಾಗ ಕಾಗದದ ಮೇಲೆ ಕಣ್ಣಿಗೆ ಕಾಣುವಂತೆ ಉಳಿಯುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕು. ಎರಡು ವರ್ಷ ಚಿತ್ರಕಲೆ ಕಲಿತವರೂ ಮೂರನೆಯ ಹಂತದಿಂದ ಏಳನೆಯ ಹಂತಕ್ಕೆ ಹಾರಬಾರದು.

ಹಂತ 1: ತಿಂಗಳು ಮತ್ತು ಹೊತ್ತನ್ನು ನಿಗದಿಪಡಿಸುವುದು

ನಮ್ಮ ಭಾಗದಲ್ಲಿ ಈ ಅಭ್ಯಾಸ ಕೆಡಿಸುವ ಮೊದಲ ಶತ್ರು ಬಿಸಿಲು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ ಎಂದ ಮೇಲೆ, ಬೆಳಿಗ್ಗೆ ಹತ್ತಕ್ಕೆ ತಿಂಡಿ ಮುಗಿಸಿ ಚಿತ್ರ ಬಿಡಿಸಲು ಬಯಲಿಗೆ ಹೋಗುವವರಿಗೆ ಹೇಳುವುದೇನೂ ಉಳಿಯುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಸೂರ್ಯೋದಯಕ್ಕೆ ಸ್ಥಳದಲ್ಲಿದ್ದು ಎಂಟೂವರೆಯೊಳಗೆ ಎದ್ದುಬಿಡಬೇಕು. ಸಂಜೆಯ ಹೊತ್ತು ಈ ತಿಂಗಳುಗಳಿಗೆ ಅಷ್ಟು ಒಳ್ಳೆಯದಲ್ಲ. ದಿನವಿಡೀ ಕಾದ ಫರ್ಸಿ ಕಲ್ಲು ಮತ್ತು ಕೋಟೆಯ ಗೋಡೆಗಳು ಸೂರ್ಯ ಮುಳುಗಿದ ಮೇಲೂ ಕಾವನ್ನು ಹೊರಹಾಕುತ್ತಲೇ ಇರುತ್ತವೆ.

ಹೊಸದಾಗಿ ಆರಂಭಿಸುವವರಿಗೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಸೂಕ್ತ. ಬೆಳಿಗ್ಗೆ 7ರಿಂದ 9ರ ನಡುವೆ ನೆರಳು ಉದ್ದವಾಗಿ, ಅಂಚು ಸ್ಪಷ್ಟವಾಗಿ ಬೀಳುತ್ತದೆ, ಆಕಾರ ಗುರುತಿಸುವುದು ಸುಲಭ. ತೊಗರಿ ಹೂ ಬಿಟ್ಟ ಹೊಲ, ಹಿಂಗಾರಿ ಜೋಳದ ಹಸಿರು, ವರ್ಷದ ಕೊನೆಗೆ ಕೊಯ್ಲಿಗೆ ಬಂದ ತೊಗರಿಯ ಕಂದು, ಫೆಬ್ರವರಿ ಕೊನೆಯ ಹೊತ್ತಿಗೆ ಮಡ್ಡಿಗಳ ಮೇಲೆ ಎಲೆ ಉದುರಿಸಿ ಕೆಂಪೇರುವ ಮುತ್ತುಗ, ಹೀಗೆ ಒಂದೇ ಜಾಗ ನಾಲ್ಕು ತಿಂಗಳಲ್ಲಿ ನಾಲ್ಕು ಬಗೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಎರೆಹೊಲದ ಬದುವಿನ ಮೇಲೆ ಹೋಗಿ ಕೂರುವ ಯೋಜನೆ ಬೇಡ. ಕಾಲಿಗೆ ಅಂಟಿದ ಮಣ್ಣು ತೆಗೆಯುವುದರಲ್ಲೇ ಗಮನ ಮುಗಿದುಹೋಗುತ್ತದೆ. ಆ ತಿಂಗಳುಗಳಲ್ಲಿ ಮನೆಯ ಪಡಸಾಲೆ ಅಥವಾ ಮಹಡಿಯ ಮೇಲಿನ ಕುಂಡ ಸಾಕು.

ವಾರಕ್ಕೆ ಎರಡು ಸಲ, ಪ್ರತಿ ಸಲ 50 ನಿಮಿಷ ಎಂದು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಇಡೀ ಭಾನುವಾರ ಕೂರುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಹಂತ 2: ಜಾಗ ಆರಿಸುವುದು

ಪ್ರಸಿದ್ಧ ಜಾಗವೇ ಬೇಕೆಂಬ ಹಟ ಬಿಡಬೇಕು. ನಡೆದು ತಲುಪಬಹುದಾದ ಒಂದು ಬೇವಿನ ಮರ, ದೂರದ ಜಲಪಾತಕ್ಕಿಂತ ಉತ್ತಮ ಆಯ್ಕೆ. ಏಕೆಂದರೆ ಅದೇ ಜಾಗಕ್ಕೆ ಹತ್ತು ಸಲ ಮರಳುವುದು ಈ ಅಭ್ಯಾಸದ ಬೆನ್ನೆಲುಬು. ಮೊದಲ ಭೇಟಿಯಲ್ಲಿ ಎಲ್ಲರಿಗೂ ಎಲ್ಲವೂ ಹೊಸದು, ಗಮನ ತಾನಾಗಿ ನಿಲ್ಲುತ್ತದೆ. ನಿಜವಾದ ಅಭ್ಯಾಸ ಶುರುವಾಗುವುದು ಆ ಜಾಗ ಬೇಸರ ತರಿಸತೊಡಗಿದ ಮೇಲೆ.

ಜಾಗಕ್ಕೆ ನಾಲ್ಕು ಗುಣ ಇರಬೇಕು: ನೆರಳು, ಬೆನ್ನಿಗೆ ಆಸರೆ, ಕಡಿಮೆ ಜನ, ಕೂರಲು ಅನುಮತಿ. ಬೆಳಗಿನ ಹೊತ್ತಿನಲ್ಲಿ ಮರದ ಪಶ್ಚಿಮ ಬದಿಗೆ, ಕಾಂಡಕ್ಕೆ ಹತ್ತಿರವಾಗಿ ಕೂತರೆ ನೆರಳು ಗಿಡ್ಡವಾಗುತ್ತ ಬಂದರೂ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ನೀವು ನೆರಳಲ್ಲಿದ್ದು ಕಾಗದ ಮಾತ್ರ ಬಿಸಿಲಲ್ಲಿದ್ದರೂ ಕೆಲಸ ಕೆಟ್ಟಂತೆಯೇ. ಬಿಸಿಲಿಗೆ ಬೆಳ್ಳಗೆ ಹೊಳೆಯುವ ಕಾಗದದ ಮೇಲೆ ಎಲ್ಲ ಬಣ್ಣವೂ ತೆಳುವಾಗಿ ಕಾಣುವುದರಿಂದ ಕೈ ತಾನಾಗಿ ಗಾಢವಾಗಿ ಹಚ್ಚುತ್ತ ಹೋಗುತ್ತದೆ, ಮನೆಗೆ ಬಂದು ನೋಡಿದರೆ ಚಿತ್ರ ಮಸಿಯಾಗಿರುತ್ತದೆ.

ಕಲಬುರಗಿ ನಗರದವರಿಗೆ ಅಪ್ಪನ ಕೆರೆಯ ದಂಡೆ ಮುಂಜಾನೆ ಮಾತ್ರ ಅನುಕೂಲ, ಏಳರ ನಂತರ ವಾಯುವಿಹಾರಕ್ಕೆ ಬರುವವರ ಮಾತು ಹೆಚ್ಚು. ಹಫ್ತ್ ಗುಂಬಜ್ ಆವರಣ ಅದಕ್ಕಿಂತ ಶಾಂತ. ಬೀದರ್‌ನವರಿಗೆ ಕೋಟೆಯ ಒಳಬಯಲು ಮತ್ತು ಅಷ್ಟೂರಿನ ಬಹಮನಿ ಗುಮ್ಮಟಗಳ ಸುತ್ತಲಿನ ಜಾಗ ಒಳ್ಳೆಯವು. ಎತ್ತರದ ಜಂಬಿಟ್ಟಿಗೆ ನೆಲದ ಮೇಲಿರುವ ಬೀದರ್ ಕಲಬುರಗಿಗಿಂತ ತುಸು ತಂಪಾದ್ದರಿಂದ ಅಲ್ಲಿ ಅರ್ಧ ತಾಸು ಹೆಚ್ಚಿಗೆ ಸಿಗುತ್ತದೆ. ಯಾದಗಿರಿಯವರಿಗೆ ಊರಿನ ಬೆಟ್ಟದ ಬುಡ, ಶಹಾಪುರದವರಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲು, ಸುರಪುರ ತಾಲ್ಲೂಕಿನವರಿಗೆ ಬೋನಾಳ ಪಕ್ಷಿಧಾಮದ ಕೆರೆ ಇವೆ. ಚಿಂಚೋಳಿ ವನ್ಯಜೀವಿಧಾಮದೊಳಗೆ ಕೂರುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಲೇಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರದ ಹಲಗೆ ನಿಲ್ಲಿಸುವ ಸ್ಟ್ಯಾಂಡ್ ಹೂಡುವ ಮೊದಲು ಕಾವಲುಗಾರರನ್ನು ಕೇಳಿ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡರೆ ಆ ತಾಪತ್ರಯವೇ ಇರುವುದಿಲ್ಲ.

ಹೊಲದಲ್ಲಿ ಕೂರುವುದಾದರೆ ಹೊಲದವರಿಗೆ ಹೇಳಿ ಕೂರುವುದು ಮರ್ಯಾದೆ. ಹಲಗೆ, ಕಾಗದ, ಪೆನ್ಸಿಲ್ ಕಂಡ ಕೂಡಲೇ "ಸರ್ವೇಕ್ಕ ಬಂದೀರೇನ್ರಿ ಸಾಹೇಬ್ರ?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಇಲ್ರೀ ಕಾಕಾ, ಈ ಗಿಡದ ಚಿತ್ರ ತೆಗಿಲತ್ತೀನಿ" ಎಂದು ಕಾಗದ ತೋರಿಸಿಬಿಟ್ಟರೆ ಅನುಮಾನ ಮುಗಿಯುತ್ತದೆ, ಮುಂದಿನ ವಾರದಿಂದ ಯಾರೂ ಕೇಳುವುದಿಲ್ಲ.

ಎಚ್ಚರಿಕೆಯ ಚಿಹ್ನೆಗಳು ಈ ಹಂತದಲ್ಲೇ ಹೆಚ್ಚು. ಹಳೆಯ ಗುಮ್ಮಟ, ಕಮಾನು, ದೊಡ್ಡ ಮರಗಳ ಕೆಳಗೆ ಕೂರುವ ಮೊದಲು ತಲೆ ಎತ್ತಿ ಹೆಜ್ಜೇನು ಇದೆಯೇ ಎಂದು ನೋಡಿ. ಇದ್ದರೆ ಬೇರೆ ಜಾಗ ಹುಡುಕಿ, ಸುಗಂಧ ಹಚ್ಚಿಕೊಂಡು ಹೋಗಬೇಡಿ. ಕಲ್ಲುಬಂಡೆಗಳ ಸಂದಿಗೆ ಕೈ ಹಾಕದೆ, ಕೂರುವ ಜಾಗವನ್ನು ಮೊದಲು ಕೋಲಿನಿಂದ ತಟ್ಟಿ. ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ, ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಹೊಳೆ ಬೇಗ ಏರುತ್ತದೆ. ಆದ್ದರಿಂದ ನದಿಯ ಅಂಚಿಗೆ ಹೋಗದೆ ಎತ್ತರದ ದಡದಲ್ಲೇ ಕೂರಬೇಕು. ಒಬ್ಬರೇ ಹೋಗುವವರು ಎಲ್ಲಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ಹಂತ 3: ಸಾಮಾನು ಸಿದ್ಧಪಡಿಸುವುದು

ಸಾಮಾನು ಹೆಚ್ಚಾದಷ್ಟೂ ಆಯ್ಕೆ ಹೆಚ್ಚು, ಆಯ್ಕೆ ಹೆಚ್ಚಾದಷ್ಟೂ ತಲೆ ಗಲಿಬಿಲಿ. ಒಂದು ಹೆಗಲಚೀಲದಲ್ಲಿ ಹಿಡಿಸುವಷ್ಟೇ ಒಯ್ಯಬೇಕು: ಪರೀಕ್ಷೆಗೆ ಬಳಸುವ ಪ್ಯಾಡ್, ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿದ 300 ಜಿಎಸ್‌ಎಂ ದಪ್ಪದ ಜಲವರ್ಣದ ಕಾಗದ, 2ಬಿ ಪೆನ್ಸಿಲ್, 4 ಮತ್ತು 10ನೆಯ ನಂಬರಿನ ಎರಡು ದುಂಡು ಕುಂಚ, ನೀರಿಗೆ ಎರಡು ಡಬ್ಬಿ, ಹಳೆಯ ಹತ್ತಿ ಬಟ್ಟೆ, ಒಂದು ಸಣ್ಣ ಸ್ಪ್ರೇ ಬಾಟಲಿ. ರಬ್ಬರ್ ಬೇಡ. ಅಳಿಸುವ ಅವಕಾಶವಿದ್ದರೆ ಕಣ್ಣು ವಸ್ತುವನ್ನು ಬಿಟ್ಟು ಗೆರೆಯ ತಪ್ಪು ಹುಡುಕುತ್ತ ಕೂರುತ್ತದೆ.

ಬಣ್ಣ ಮೂರೇ ಮೂರು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನಾ (ಕೆಂಗಂದು), ಅಲ್ಟ್ರಾಮರೀನ್ ನೀಲಿ. ನಮ್ಮ ಭಾಗದ ನೆಲ, ಕಲ್ಲು, ಒಣಹುಲ್ಲು, ಆಕಾಶ ಎಲ್ಲವೂ ಈ ಮೂರರಿಂದ ಹೊರಡುತ್ತವೆ. ಕೊನೆಯ ಎರಡನ್ನು ಬೆರೆಸಿದರೆ ಶಹಾಬಾದ್ ಕಲ್ಲಿನ ಬೂದು ಬರುತ್ತದೆ, ಗಾಢವಾಗಿ ಬೆರೆಸಿದರೆ ಎರೆಮಣ್ಣಿನ ಕಪ್ಪು ಬರುತ್ತದೆ, ಅಂಗಡಿಯ ಕಪ್ಪು ಬಣ್ಣದ ಅಗತ್ಯವೇ ಇಲ್ಲ. ತೊಗರಿ ಹೂವಿನ ಕಾಲದಲ್ಲಿ ಮಾತ್ರ ಓಕರ್ ಬದಲು ಲೆಮನ್ ಯೆಲ್ಲೋ ಇಟ್ಟುಕೊಳ್ಳಿ.

ಕುಡಿಯುವ ನೀರು ಬೇರೆ, ಕುಂಚದ ನೀರು ಬೇರೆ ಎಂಬುದು ಡಬ್ಬಿಯ ಆಕಾರದಲ್ಲೇ ಗೊತ್ತಾಗುವಂತಿರಲಿ. ಬೇಸಿಗೆಯಲ್ಲಿ ಒಬ್ಬರಿಗೆ ಒಂದು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ. ತಲೆಗೆ ಟೋಪಿ ಅಥವಾ ಟವೆಲ್ ಕಡ್ಡಾಯ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, 50 ನಿಮಿಷದ ಅಲಾರಂ ಇಟ್ಟು, ಚೀಲದ ತಳಕ್ಕೆ ಸೇರಿಸಿ.

ಹಂತ 4: ಕೈ ಖಾಲಿ ಇಟ್ಟುಕೊಂಡು ಕೂರುವುದು (10 ನಿಮಿಷ)

ಎಲ್ಲರೂ ಹಾರಿಹೋಗುವ ಹಂತ ಇದು. ಚೀಲ ಬಿಚ್ಚಬೇಡಿ. ಬೆನ್ನು ನೇರ ಮಾಡಿ, ಕಣ್ಣನ್ನು ಅರೆ ತೆರೆದು ನಾಲ್ಕಾರು ಅಡಿ ದೂರದ ನೆಲದ ಮೇಲೆ ಬಿಡಿ. ಮೊದಲು ದೇಹಕ್ಕೆ ತಗಲುವುದನ್ನು ಗಮನಿಸಿ: ಕುಳಿತ ಕಲ್ಲಿನ ತಂಪು, ಬೆನ್ನಿಗೆ ಒತ್ತುವ ತೊಗಟೆ, ಮುಖದ ಯಾವ ಬದಿಗೆ ಗಾಳಿ ಬಡಿಯುತ್ತಿದೆ ಎಂಬುದು. ಅನಂತರ ಕಿವಿ. ಅತಿ ಹತ್ತಿರದ ಸದ್ದಿನಿಂದ ಆರಂಭಿಸಿ ದೂರ ದೂರಕ್ಕೆ ಹೋಗಿ: ನಿಮ್ಮದೇ ಉಸಿರು, ಒಣ ಎಲೆ, ಹಕ್ಕಿ, ಆಚೆ ರಸ್ತೆಯ ಟಂಟಂ ಆಟೊ, ಅದಕ್ಕೂ ಆಚೆ ಬೋರ್‌ವೆಲ್ ಮೋಟರು. ವಾಹನದ ಸದ್ದನ್ನು ತೊಂದರೆ ಎಂದು ಹೊರಗಿಡಬೇಕಾಗಿಲ್ಲ, ಅದೂ ಆ ಹೊತ್ತಿನಲ್ಲಿ ಅಲ್ಲಿರುವುದೇ.

ಹತ್ತು ನಿಮಿಷದಲ್ಲಿ ಮನಸ್ಸು ಹಲವು ಸಲ ಮನೆ, ಸಾಲ, ಆಫೀಸು ಎಂದು ಓಡುತ್ತದೆ. ಓಡಿದ್ದು ತಿಳಿದ ಕ್ಷಣವೇ ಅಭ್ಯಾಸ ನಡೆದ ಕ್ಷಣ. "ನನಗೆ ಏಕಾಗ್ರತೆಯೇ ಇಲ್ಲ" ಎಂದು ತೀರ್ಪು ಕೊಟ್ಟುಕೊಳ್ಳುವುದು ಇಲ್ಲಿನ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು, ಉಸಿರನ್ನು ಬಲವಂತವಾಗಿ ನಿಧಾನ ಮಾಡುವುದು. ಅದರಿಂದ ತಲೆ ಸುತ್ತುತ್ತದೆ, ಉಸಿರು ತನ್ನ ಪಾಡಿಗೆ ಇರಲಿ.

ಸುಮ್ಮನೆ ಕೂತಾಗ ಕೆಲವರಿಗೆ ಎದೆ ಬಡಿತ ಹೆಚ್ಚುತ್ತದೆ, ಹಳೆಯ ಕಹಿ ಘಟನೆಗಳು ನುಗ್ಗಿ ಬರುತ್ತವೆ. ಹಾಗಾದರೆ ಒಳಗೆ ನೋಡುವುದನ್ನು ಅಲ್ಲಿಗೇ ನಿಲ್ಲಿಸಿ, ಕಣ್ಣು ಪೂರ್ತಿ ತೆರೆದು, ಪಾದವನ್ನು ನೆಲಕ್ಕೆ ಊರಿ, ಎದುರಿಗಿರುವ ಐದು ವಸ್ತುಗಳ ಬಣ್ಣವನ್ನು ಬಾಯಿಬಿಟ್ಟು ಹೇಳಿ, ನೇರವಾಗಿ ಮುಂದಿನ ಹಂತಕ್ಕೆ ಹೋಗಿ. ಅಂಥವರಿಗೆ ಕೂರುವ ಹಂತ ಎರಡೇ ನಿಮಿಷ ಇದ್ದರೂ ಸಾಕು.

ಹಂತ 5: ಚಿಕ್ಕದೊಂದನ್ನು ಆರಿಸಿ, ಬಿಡಿಸದೆ ನೋಡುವುದು (8 ನಿಮಿಷ)

ಇಡೀ ಕೋಟೆ, ಇಡೀ ಕೆರೆ, ಇಡೀ ಬೆಟ್ಟ ಆರಿಸಿದವರು ಸೋತೇ ಸೋಲುತ್ತಾರೆ. ಪೋಸ್ಟ್‌ಕಾರ್ಡ್ ದಪ್ಪದ ರಟ್ಟಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಕಿಟಕಿ ಕತ್ತರಿಸಿಟ್ಟುಕೊಳ್ಳಿ. ಅದನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಿಟಕಿಯೊಳಗೆ ಎರಡು ಅಥವಾ ಮೂರು ಆಕಾರ ಮಾತ್ರ ಉಳಿಯುವವರೆಗೆ ಸರಿಸಿ: ಒಂದು ಕೊಂಬೆಯ ಕವಲು, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಗಿಡ, ಬದುವಿನ ಮೇಲಿನ ಒಂದು ಕಲ್ಲು ಮತ್ತು ಅದರ ನೆರಳು.

ಈಗ ಹೆಸರುಗಳನ್ನು ಬದಿಗಿಡಬೇಕು. "ಬೇವಿನೆಲೆ" ಎಂದುಕೊಂಡ ಕೂಡಲೇ ಶಾಲೆಯಲ್ಲಿ ಕಲಿತ ಎಲೆಯ ಚಿತ್ರ ತಲೆಗೆ ಬಂದು ಕೂರುತ್ತದೆ, ಎದುರಿನ ಎಲೆ ಮರೆಯಾಗುತ್ತದೆ. ಬದಲಿಗೆ ಕಂಡದ್ದನ್ನು ಮೆಲುದನಿಯಲ್ಲಿ ಹೇಳಿಕೊಳ್ಳಿ: ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆ, ಕುಡುಗೋಲಿನಂತೆ ಒಂದು ಕಡೆಗೆ ಬಾಗಿದೆ, ನಡುನರದ ಎರಡೂ ಬದಿ ಸಮವಾಗಿಲ್ಲ, ತೊಟ್ಟಿನ ಬಳಿ ಒಂದು ಬದಿ ಮೇಲೆ, ಇನ್ನೊಂದು ಕೆಳಗೆ ಶುರುವಾಗಿದೆ. ಬೇವಿನೆಲೆಯ ಬುಡ ಹೀಗೆ ಓರೆಯಾಗಿರುತ್ತದೆ ಎಂಬುದನ್ನು ದಿನವೂ ಆ ಮರದ ಕೆಳಗೆ ಗಾಡಿ ನಿಲ್ಲಿಸುವವರೂ ಗಮನಿಸಿರುವುದಿಲ್ಲ. ಬೀದರ್‌ನ ಜಂಬಿಟ್ಟಿಗೆ ಗೋಡೆಯನ್ನು ಆರಿಸಿದವರು ಕೆಂಪನ್ನು ಬಿಟ್ಟು ಅದರ ರಂಧ್ರಗಳನ್ನು ನೋಡಲಿ: ಯಾವ ರಂಧ್ರದಲ್ಲಿ ಕತ್ತಲು ಪೂರ್ತಿ, ಯಾವುದರಲ್ಲಿ ಅರ್ಧ, ಯಾವುದರ ಅಂಚಿಗೆ ಬೆಳಕು.

ಕೊನೆಯ ಎರಡು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ. ವಿವರಗಳು ಮಸುಕಾಗಿ, ಬೆಳಕು, ನಡುಬಣ್ಣ, ಕತ್ತಲು ಎಂಬ ಮೂರು ಪಾಲು ಉಳಿಯುತ್ತವೆ. ಈ ಮೂರು ಪಾಲು ಬೇರೆ ಬೇರೆಯಾಗಿ ಕಾಣುವವರೆಗೆ ಪೆನ್ಸಿಲ್ ತೆಗೆಯಬಾರದು.

ಈ ಹಂತದಲ್ಲಿ ಮೊಬೈಲ್‌ನಲ್ಲಿ ಫೋಟೊ ತೆಗೆಯುವುದು ಅತಿ ದೊಡ್ಡ ತಪ್ಪು. "ಮನೆಯಲ್ಲಿ ನೋಡಿಕೊಂಡರಾಯಿತು" ಎಂಬ ಭರವಸೆ ಸಿಕ್ಕ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ.

ಹಂತ 6: ಕಾಗದ ನೋಡದೆ ಗೆರೆ ಎಳೆಯುವುದು (10 ನಿಮಿಷ)

ಪೆನ್ಸಿಲ್ ತುದಿಯನ್ನು ಕಾಗದದ ಮೇಲೆ ಇಡಿ. ಕಣ್ಣನ್ನು ವಸ್ತುವಿನ ಅಂಚಿನ ಒಂದು ಬಿಂದುವಿನಲ್ಲಿ ನಿಲ್ಲಿಸಿ. ಇರುವೆ ಆ ಅಂಚಿನ ಮೇಲೆ ಹರಿಯುವಷ್ಟು ನಿಧಾನವಾಗಿ ಕಣ್ಣು ಸರಿಯಲಿ, ಅದೇ ವೇಗದಲ್ಲಿ ಪೆನ್ಸಿಲ್ ಸರಿಯಲಿ. ಕಾಗದದ ಕಡೆ ನೋಡಬಾರದು, ಪೆನ್ಸಿಲ್ ಎತ್ತಬಾರದು. ಮೂರು ನಿಮಿಷಕ್ಕೆ ಒಂದು ಚಿತ್ರದಂತೆ ಬೇರೆ ಬೇರೆ ತುಂಡುಗಳ ಮೇಲೆ ಮೂರು ಸಲ ಮಾಡಿ.

ಬರುವ ಚಿತ್ರ ವಕ್ರವಾಗಿರುತ್ತದೆ, ಕೊಂಬೆ ಕಾಂಡಕ್ಕೆ ಸೇರುವುದೇ ಇಲ್ಲ. ಅದು ಹಾಗೆಯೇ ಇರಬೇಕು. ಗೆರೆ ನಯವಾಗಿ, ಸಮವಾಗಿ, ಅಂದವಾಗಿ ಬಂದಿದ್ದರೆ ಅದೇ ಎಚ್ಚರಿಕೆಯ ಚಿಹ್ನೆ: ಕೈ ನೆನಪಿನಿಂದ ಎಳೆದಿದೆ, ಕಣ್ಣು ನೋಡಿಲ್ಲ. ಗಂಟು, ಬಿರುಕು, ತೊಗಟೆಯ ಮುರುಕು ಬಂದಲ್ಲೆಲ್ಲ ಗೆರೆಯೂ ತಡವರಿಸಿದ್ದರೆ ಗಮನ ಅಲ್ಲಿತ್ತು ಎಂದರ್ಥ.

ಎಳೆಯುವ ನಡುವೆ ಮನಸ್ಸು ಬೇರೆಡೆ ಹೋದದ್ದು ತಿಳಿದರೆ ಪೆನ್ಸಿಲನ್ನು ಇದ್ದಲ್ಲೇ ನಿಲ್ಲಿಸಿ, ಒತ್ತಿ ಒಂದು ಚುಕ್ಕಿ ಇಡಿ. ಕಣ್ಣನ್ನು ಮತ್ತೆ ಅಂಚಿಗೆ ತಂದು ಮುಂದುವರಿಸಿ. ಚುಕ್ಕಿಗಳನ್ನು ಎಣಿಸಿ ಅಂಕ ಕೊಟ್ಟುಕೊಳ್ಳುವ ಅಗತ್ಯವಿಲ್ಲ. ಮೊದಲ ವಾರಗಳಲ್ಲಿ ಚುಕ್ಕಿ ಕಡಿಮೆ ಇದ್ದು ಆಮೇಲೆ ಹೆಚ್ಚಾಗುವುದೂ ಉಂಟು. ಜಾರಿದ್ದು ಮೊದಲಿಗಿಂತ ಬೇಗ ತಿಳಿಯುತ್ತಿದೆ ಎಂಬುದೇ ಅದಕ್ಕೆ ಕಾರಣ, ಆದ್ದರಿಂದ ಗಾಬರಿ ಬೇಡ.

ಮೊದಲ ತಿಂಗಳು ಈ ಹಂತಕ್ಕೇ ನಿಲ್ಲಿಸಿ ಮನೆಗೆ ಹೋಗುವುದು ಒಳ್ಳೆಯದು. ಉಳಿದ ಸಮಯದಲ್ಲಿ ಮತ್ತೆರಡು ಗೆರೆಚಿತ್ರ ಮಾಡಬಹುದು. ಬಣ್ಣದ ಆಸೆ ತಡೆಯುವುದು ಕಷ್ಟ ಎಂಬುದು ಗೊತ್ತಿದ್ದೇ ಹೇಳುತ್ತಿರುವ ಮಾತಿದು.

ಹಂತ 7: ಬಣ್ಣ ಹಚ್ಚುವುದು (20 ನಿಮಿಷ)

ಹೊಸ ತುಂಡು ತೆಗೆದುಕೊಂಡು, ಈ ಸಲ ಕಾಗದವನ್ನೂ ನೋಡುತ್ತ, ಹಗುರ ಗೆರೆಯಲ್ಲಿ ಆಕಾರ ಹಾಕಿ. ನೆರಳಿನ ಅಂಚನ್ನು ಎಲ್ಲಕ್ಕಿಂತ ಮೊದಲು ಗುರುತಿಸಬೇಕು, ಏಕೆಂದರೆ ಬೆಳಗಿನ ನೆರಳು ಕಾಲು ತಾಸಿನಲ್ಲೇ ಸರಿದಿರುತ್ತದೆ. ಸರಿದ ನೆರಳನ್ನು ಬೆನ್ನಟ್ಟಿ ತಿದ್ದುತ್ತ ಹೋದರೆ ಚಿತ್ರದೊಳಗೆ ಎರಡು ಸೂರ್ಯ ಹುಟ್ಟುತ್ತವೆ.

ಜಲವರ್ಣದಲ್ಲಿ ಕ್ರಮ ತೆಳುವಿನಿಂದ ಗಾಢಕ್ಕೆ. ಮೊದಲು ಅತಿ ತೆಳುವಾದ ಓಕರ್ ಅನ್ನು ಬೆಳಕಿನ ಭಾಗ ಬಿಟ್ಟು ಉಳಿದೆಡೆ ಹರಡಿ. ಅದು ಒಣಗಿದ ಮೇಲೆ ನಡುಬಣ್ಣ, ಅದೂ ಒಣಗಿದ ಮೇಲೆ ಕತ್ತಲು. ಮೂರೇ ಪದರ. ಒಣಗುವ ಹೊತ್ತು ವ್ಯರ್ಥ ಸಮಯವಲ್ಲ, ನಾಲ್ಕನೆಯ ಹಂತವನ್ನು ಚಿಕ್ಕದಾಗಿ ಮತ್ತೆ ಮಾಡುವ ಸಮಯ: ಕುಂಚ ಕೆಳಗಿಟ್ಟು, ಕೈ ತೊಡೆಯ ಮೇಲಿಟ್ಟು, ಕಾಗದದ ಮೇಲಿನ ಒದ್ದೆಯ ಹೊಳಪು ಮಾಯವಾಗುವುದನ್ನು ನೋಡುವುದು. ಈ ಕಾಯುವಿಕೆಯನ್ನು ಸಹಿಸದೆ ಒದ್ದೆಯ ಮೇಲೆ ಮತ್ತೆ ಮತ್ತೆ ಕುಂಚ ಆಡಿಸುವುದರಿಂದಲೇ ಬಹುಪಾಲು ಚಿತ್ರಗಳು ಕೆಸರಾಗುತ್ತವೆ.

ನಮ್ಮ ಕಡೆ ಇದಕ್ಕೆ ತದ್ವಿರುದ್ಧ ತೊಂದರೆಯೂ ಇದೆ. ಒಣಹವೆಯಲ್ಲಿ ಬಣ್ಣ ಹರಡುವ ಮೊದಲೇ ಅಂಚು ಒಣಗಿ ಗಟ್ಟಿ ಗೆರೆ ಬೀಳುತ್ತದೆ. ಇದಕ್ಕೆ ಪರಿಹಾರ ಮೂರು: ಕಾಗದ ಅಂಗೈಗಿಂತ ದೊಡ್ಡದಿರಬಾರದು, ಬಣ್ಣ ಹಚ್ಚುವ ಭಾಗಕ್ಕೆ ಮೊದಲು ಸ್ಪ್ರೇಯಿಂದ ತೆಳುವಾಗಿ ನೀರು ಬೀಳಬೇಕು, ಮತ್ತು ಬೇಸಿಗೆಯಲ್ಲಿ ಬಣ್ಣದ ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಸೇರಿಸಬಹುದು. ಗ್ಲಿಸರಿನ್ ಹೆಚ್ಚಾದರೆ ಬಣ್ಣ ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಇವು ಯಾವುವೂ ಬೇಡ.

ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವಿದ್ದವರು ಬಿಡಬೇಕು. ಕ್ಯಾಡ್ಮಿಯಂ, ಕೋಬಾಲ್ಟ್ ಹೆಸರಿನ ಬಣ್ಣಗಳಲ್ಲಿ ವಿಷಕಾರಿ ಲೋಹಗಳಿರುತ್ತವೆ.

ಸುರಪುರದ ಚಿನ್ನದ ಕೆಲಸದ ಚಿಕಣಿ ಚಿತ್ರಗಳನ್ನೋ 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ವರ್ಣಚಿತ್ರಗಳನ್ನೋ ಕಣ್ಮುಂದೆ ಇಟ್ಟುಕೊಂಡು ಇಲ್ಲಿ ಕೂರುವುದು ತಪ್ಪು ಅಳತೆಗೋಲು. ಆ ಕೈಚಳಕ ವರ್ಷಗಳ ಶಿಕ್ಷಣದ ಫಲ, ಅದರ ಗುರಿಯೇ ಚಿತ್ರ. ಇಲ್ಲಿನ ಗುರಿ ನೋಡುವುದು. ಚಿತ್ರ ಅದರ ದಾಖಲೆ ಮಾತ್ರ.

ಹಂತ 8: ನಿಲ್ಲಿಸುವುದು

ಅಲಾರಂ ಹೊಡೆದಾಗ ಚಿತ್ರ ಅರ್ಧವಾಗಿದ್ದರೂ ಕುಂಚ ಕೆಳಗಿಡಬೇಕು. ಕಾಗದದ ಹಿಂಬದಿಗೆ ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಮತ್ತು ಹಿಂದಿನ ಸಲ ಕಾಣದೆ ಈ ಸಲ ಕಂಡ ಒಂದು ಸಂಗತಿಯನ್ನು ಬರೆಯಿರಿ. "ಚೆನ್ನಾಗಿದೆ", "ಕೆಟ್ಟಿದೆ" ಎಂಬ ಪದಗಳನ್ನು ಅಲ್ಲಿ ಬರೆಯಬೇಡಿ. ಬಣ್ಣದ ನೀರನ್ನು ಕೆರೆಗೆ, ಹಳ್ಳಕ್ಕೆ, ಬಾವಿಗೆ ಚೆಲ್ಲದೆ ಡಬ್ಬಿಯ ಮುಚ್ಚಳ ಹಾಕಿ ಮನೆಗೆ ತನ್ನಿ.

ಚಿತ್ರವನ್ನು ಅದೇ ದಿನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವವರ ಅಭ್ಯಾಸ ಮೂರು ವಾರಕ್ಕೇ ನಿಲ್ಲುತ್ತದೆ. ಮುಂದಿನ ಸಲ ಕೂತಾಗ ನೋಡುವವರು ಯಾರು ಏನೆನ್ನುತ್ತಾರೆ ಎಂಬುದೇ ತಲೆಯಲ್ಲಿರುತ್ತದೆ. ತುಂಡುಗಳನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿಡಿ, ಎರಡು ತಿಂಗಳು ಯಾರಿಗೂ ತೋರಿಸಬೇಡಿ.

ಹಂತ 9: ನೆಲದ ಮಣ್ಣಿನಿಂದಲೇ ಬಣ್ಣ ಮಾಡಿಕೊಳ್ಳುವುದು (ಎರಡು ತಿಂಗಳ ನಂತರ)

ಜಾಗ ಬೇಸರ ತರಿಸತೊಡಗಿದಾಗ ಈ ಹಂತಕ್ಕೆ ಬನ್ನಿ. ಸ್ವಂತ ಹೊಲದ ಅಥವಾ ಕೇಳಿ ಪಡೆದ ಜಾಗದ ಒಂದು ಬೊಗಸೆ ಮಣ್ಣು ಸಾಕು. ಬಿದ್ರಿ ಕುಶಲಕರ್ಮಿಗಳು ಬೀದರ್ ಕೋಟೆಯ ಮಣ್ಣು ಬಳಸುತ್ತಾರೆಂದು ನೀವೂ ಹೋಗಿ ಕೋಟೆಯಲ್ಲಿ ಅಗೆಯುವಂತಿಲ್ಲ, ಅದು ಸಂರಕ್ಷಿತ ಸ್ಮಾರಕ. ಕಬ್ಬಿಣದ ಅಂಶವಿರುವ ಜಂಬಿಟ್ಟಿಗೆ ಮಣ್ಣು ಬೀದರ್ ಸುತ್ತ ಬೇರೆಡೆಯೂ ಬೇಕಾದಷ್ಟಿದೆ, ಬಣ್ಣಕ್ಕೆ ಅತ್ಯುತ್ತಮ.

ಮಣ್ಣನ್ನು ಒಣಗಿಸಿ ಕುಟ್ಟಿ, ಹಳೆಯ ಸೀರೆಯ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಮರೆಯಬೇಡಿ. ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಸರುನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ತಳದಲ್ಲಿ ಉಳಿದ ಮರಳನ್ನು ಚೆಲ್ಲಿ. ಹೀಗೆ ಮೂರು ಸಲ ಮಾಡಿ, ಒಂದು ದಿನ ಇಟ್ಟು, ತಿಳಿನೀರು ಬಸಿದು, ತಳದ ನುಣುಪು ಕೆನೆಯನ್ನು ತಟ್ಟೆಯಲ್ಲಿ ಒಣಗಿಸಿದರೆ ಬಣ್ಣದ ಪುಡಿ ಸಿದ್ಧ.

ಹಿಡಿತಕ್ಕೆ ಕಿರಾಣಿ ಅಂಗಡಿಯಲ್ಲಿ ಅಂಟಿನುಂಡೆಗೆಂದು ಸಿಗುವ ಅಂಟು ನಡೆಯುತ್ತದೆ. ಒಂದು ಪಾಲು ಅಂಟಿಗೆ ಎರಡು ಪಾಲು ಬಿಸಿನೀರು ಹಾಕಿ ರಾತ್ರಿಯಿಡೀ ನೆನೆಸಿ ಸೋಸಿಕೊಳ್ಳಿ. ಅಂಟು ನೀರಿನಲ್ಲಿ ಕರಗದೆ ಜೆಲ್ಲಿಯಂತೆ ಬರೀ ಉಬ್ಬಿದರೆ ಅದು ಬೇರೆ ಜಾತಿಯ ಅಂಟು, ಈ ಕೆಲಸಕ್ಕೆ ಬಾರದು. ಸೋಸಿದ ಅಂಟುನೀರಿಗೆ ಕೆಲವು ಹನಿ ಜೇನುತುಪ್ಪ, ಬೂಸ್ಟು ಹಿಡಿಯದಂತೆ ಒಂದು ಲವಂಗ ಹಾಕಿ, ಪುಡಿಯೊಂದಿಗೆ ಗಾಜಿನ ತುಂಡಿನ ಮೇಲೆ ಕಾಲು ತಾಸು ಅರೆಯಿರಿ. ಈ ಅರೆಯುವ ಕೆಲಸವೇ ನಾಲ್ಕನೆಯ ಹಂತದ ಮತ್ತೊಂದು ರೂಪ. ಅರೆತದ ಸದ್ದು ಗರಗರ ಎನ್ನುವುದು ಕಡಿಮೆಯಾಗುತ್ತ ಹೋಗುವುದನ್ನು ಕಿವಿಗೊಟ್ಟು ಕೇಳಿ.

ಪರೀಕ್ಷೆ ಸುಲಭ. ಕಾಗದಕ್ಕೆ ಹಚ್ಚಿ ಒಣಗಿದ ಮೇಲೆ ಬೆರಳಿನಿಂದ ಉಜ್ಜಿ: ಪುಡಿ ಬಂದರೆ ಅಂಟು ಕಡಿಮೆ, ಹೊಳೆದು ಬಿರುಕು ಬಿಟ್ಟರೆ ಅಂಟು ಹೆಚ್ಚು. ಎರೆಮಣ್ಣು ಮಾತ್ರ ಎಷ್ಟೇ ಸರಿಯಾಗಿ ಕಲಸಿದರೂ ದಪ್ಪ ಪದರದಲ್ಲಿ ಬಿರಿಯುತ್ತದೆ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಅದರ ಜೇಡಿ ಬೇಸಿಗೆಯ ಹೊಲದಲ್ಲಿ ಮಾಡುವುದನ್ನೇ ಕಾಗದದ ಮೇಲೂ ಮಾಡುತ್ತದೆ. ಅದನ್ನು ತೆಳುವಾಗಿ, ನೆರಳಿಗೆ ಮಾತ್ರ ಬಳಸಿ. ಹಳದಿ ಛಾಯೆಯ ಮಣ್ಣು ಸಿಕ್ಕರೆ ಹಳೆಯ ಹಂಚಿನ ಮೇಲೆ ಜೋರು ಉರಿಯಲ್ಲಿ ಹುರಿದು ನೋಡಿ, ಕೆಂಪಿಗೆ ತಿರುಗುತ್ತದೆ. ಆ ಹಂಚನ್ನು ಮತ್ತೆ ರೊಟ್ಟಿಗೆ ಬಳಸುವಂತಿಲ್ಲ.

ದಾರಿ ತಪ್ಪಿದೆ ಎಂದು ತಿಳಿಯುವುದು ಹೇಗೆ

ಹೊರಡುವ ಮೊದಲೇ "ಇವತ್ತು ಚೆನ್ನಾಗಿ ಬರಬೇಕು" ಎಂದು ಅನ್ನಿಸುತ್ತಿದ್ದರೆ ಎರಡು ವಾರ ಬಣ್ಣ ಬಿಟ್ಟು ಆರನೆಯ ಹಂತಕ್ಕೆ ಹಿಂತಿರುಗಿ. ಪ್ರತಿ ವಾರ ಹೊಸ ಸಾಮಾನು ಕೊಳ್ಳುತ್ತಿದ್ದರೆ, ಪ್ರತಿ ವಾರ ಹೊಸ ಜಾಗ ಹುಡುಕುತ್ತಿದ್ದರೆ, ಬೇಸರದಿಂದ ತಪ್ಪಿಸಿಕೊಳ್ಳುತ್ತಿದ್ದೀರಿ. ಎರಡನೆಯ ಹಂತದ ಮರಕ್ಕೆ ಮರಳಿ. ಚಿತ್ರ ಹರಿದು ಹಾಕುವಷ್ಟು ಸಿಟ್ಟು ಬರುತ್ತಿದ್ದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಹಸಿವು, ನಿದ್ದೆಗೇಡು ಅಥವಾ ಬಿಸಿಲು. ಅವನ್ನು ಮೊದಲು ಸರಿಪಡಿಸಿ.

ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ತಂಪಾದ ಜಾಗಕ್ಕೆ ಹೋಗಿ ನೀರು ಅಥವಾ ಓಆರ್‌ಎಸ್ ಕುಡಿಯಬೇಕು. ಮೈ ಕೆಂಡದಂತೆ ಬಿಸಿಯಾಗಿ ಮಾತು ತಡವರಿಸಿದರೆ ಅದು ಬಿಸಿಲಾಘಾತ. ಮೈಮೇಲೆ ನೀರು ಸುರಿಯುತ್ತ 108ಕ್ಕೆ ಕರೆ ಮಾಡಬೇಕು.

ವಾರಗಟ್ಟಲೆ ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕೇ ಬೇಡವೆನಿಸುವುದು ಇದ್ದವರಿಗೆ ಈ ಅಭ್ಯಾಸ ಚಿಕಿತ್ಸೆಯಾಗಲಾರದು. ಅಂಥವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಇಲ್ಲವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಔಷಧ ನಡೆಯುತ್ತಿದ್ದರೆ ಚಿತ್ರ ಬಿಡಿಸುತ್ತೇನೆಂದು ಅದನ್ನು ನಿಲ್ಲಿಸಬಾರದು.

ಜೊತೆಯಾಗಿ ಹೋಗುವವರಿಗೆ

ಗುಂಪಿನಲ್ಲಿ ಹೋಗುವುದಾದರೆ ಒಬ್ಬರಿಗೊಬ್ಬರು ಇಪ್ಪತ್ತು ಹೆಜ್ಜೆ ದೂರ ಕೂರಬೇಕು, 50 ನಿಮಿಷ ಮುಗಿಯುವವರೆಗೆ ಮಾತು ಮತ್ತು ಕಾಗದ ತೋರಿಸುವುದು ಎರಡೂ ಇಲ್ಲ. ಮಕ್ಕಳಿಗೆ ನಾಲ್ಕನೆಯ ಹಂತ ಎರಡು ನಿಮಿಷ, ಒಟ್ಟು 20 ನಿಮಿಷ ಸಾಕು. ಅವರಿಗೆ ಕಾಗದ ನೋಡದೆ ಗೆರೆ ಎಳೆಯುವುದು ದೊಡ್ಡವರಿಗಿಂತ ಬೇಗ ಒಗ್ಗುತ್ತದೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋದಾಗ ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಂಡಾದ ಮೇಲೆ ಕಾಗದ ತೆಗೆಯುವ ಯೋಜನೆ ಬೇಡ, ಹೊಟ್ಟೆ ತುಂಬಿದ ಮೇಲೆ ಎಲ್ಲರಿಗೂ ನಿದ್ದೆ. ಬೆಳಿಗ್ಗೆ ಅಡುಗೆ ಬುತ್ತಿ ಕಟ್ಟುವ ಮುಂಚೆಯೇ ಹೊಲಕ್ಕೆ ಹೋಗಿ ಒಂದು ಸುತ್ತು ಮುಗಿಸಿಕೊಳ್ಳಿ.